ಕುರಿಯ ಹೊಟ್ಟೆಗೆ ಹುಳ ಬಂದದ್ದೆಲ್ಲಿಂದ?

ಖಾನಾಪುರದ ಹತ್ತಿರದ ಹಳ್ಳಿಯಲ್ಲಿ ಸಾತವ್ವನ ಕುರಿಗಳು ಒಂದೊಂದಾಗಿ ಸೊರಗತೊಡಗಿದವು. ಗದ್ದದ ಕೆಳಗೆ ನೀರು ತುಂಬಿದ ಚೀಲದಂಥ ಬಾವು. ಮಳೆಗಾಲ ಮುಗಿಯುತ್ತಲೇ ಎರಡು ಸತ್ತವು.

"ಹಳ್ಳದ ನೀರು ಕೆಟ್ಟೈತಿ," ಎಂದ ಗಂಡ ಮುತ್ತಪ್ಪ. ಅಲ್ಲಿಯವರೆಗೆ ಕುರಿಗಳು ಹಳ್ಳದ ದಂಡೆಯಲ್ಲೂ ಭತ್ತದ ಗದ್ದೆಯ ಬದಿಯ ಜೌಗಿನಲ್ಲೂ ಮೇಯುತ್ತಿದ್ದವು. ಈಗ ಅವನು ಹಳ್ಳ ಬಿಟ್ಟು ದಿನವೂ ಜೌಗಿಗೇ ಹೊಡೆದುಕೊಂಡು ಹೋದ. ಅಲ್ಲಿ ಹುಲ್ಲು ಹಸಿರೋ ಹಸಿರು. ಆದರೂ ಸಾತವ್ವ ಹೆಸರಿಟ್ಟು ಸಾಕಿದ ಗೌರಿ ಒಂದು ಬೆಳಿಗ್ಗೆ ಏಳಲೇ ಇಲ್ಲ.

ಸಾತವ್ವ ಕಣ್ಣೊರೆಸಿಕೊಂಡು ಪಶುವೈದ್ಯೆ ಶೀತಲ ಅವರನ್ನು ಕರೆತಂದಳು. ಅವರು ಗೌರಿಯನ್ನು ಕೊಯ್ದು ನೋಡಿದರೆ, ಯಕೃತ್ತಿನ ತುಂಬ ಎಲೆಯಂಥ ಚಪ್ಪಟೆ ಹುಳಗಳು!

"ಈ ಹುಳದ ಮರಿ ಬಸವನಹುಳದ ಮೈಯಾಗ ಬೆಳೀತದ್ರೀ," ಎಂದರು ಶೀತಲ. "ಹೊರಗ ಬಂದು ನೀರ ದಂಡಿ ಹುಲ್ಲಿಗೆ ಅಂಟ್ಕೋತದ. ಆ ಹುಲ್ಲು ತಿಂದ್ರ ಕುರಿ ಲಿವರಿಗೆ ಹೋಗ್ತದ."

ಮುತ್ತಪ್ಪ ಗೊಳ್ಳೆಂದು ನಕ್ಕ. "ಬಸವನಹುಳ ನನ್ನ ಕುರಿ ಕೊಲ್ತದೇನ್ರಿ? ಅವು ಹಳ್ಳದಾಗೂ ಅದಾವು, ಜೌಗಿನ್ಯಾಗೂ ಅದಾವು. ಯಾವುದನ್ನ ಹಿಡೀತೀರಿ?"

"ಖರೇ ಕೇಳಿದ್ರಿ. ಬಸವನಹುಳದಾಗ ಬ್ಯಾರೆ ಬ್ಯಾರೆ ಜಾತಿ ಮರಿಹುಳ ಇರ್ತಾವ, ನೋಡಾಕ ಎಲ್ಲಾ ಒಂದ ಥರ. ಆದ್ರ ಒಂದೊಂದು ಜಾತಿ ಹುಳದ ಡಿ.ಎನ್.ಎ.ದಾಗ ಅದರದ ಒಂದು ಗುರ್ತು ಇರ್ತದ. ಮರಿ ಇದ್ರೂ ಬೆಳೆದ್ರೂ ಅದು ಬದಲಾಗೂದಿಲ್ಲ. ಎರಡೂ ಕಡೆ ಬಸವನಹುಳ ಬೆಳಗಾವಿಯ ನಮ್ಮ ದವಾಖಾನಿಗೆ ತಂದುಕೊಡ್ರಿ. ಗೌರಿ ಲಿವರಿನ ಹುಳದ ಜೋಡಿ ಪ್ರಯೋಗಾಲಯಕ್ಕ ಕಳಿಸಿ ತಾಳೆ ನೋಡಸೂಣು. ಔಷಧ ಇವತ್ತ ಕುಡಿಸ್ತೀನಿ. ಅಲ್ಲೀತನಕ ದಿಬ್ಬದ ಮ್ಯಾಲ ಮೇಯಿಸ್ರಿ."

ಸಾತವ್ವ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಎರಡು ಡಬ್ಬಿ ತುಂಬಿಸಿದಳು. ಬಸ್ಸಿನಲ್ಲಿ ಬಾಜೂ ಕೂತಾಕೆ ಕೇಳಿದಳು: "ಡಬ್ಬ್ಯಾಗ ಏನ್ ಪಲ್ಯ ಅಕ್ಕಾ?" ಸಾತವ್ವ ಮುಚ್ಚಳ ತೆಗೆದು ತೋರಿಸಿದಳು. ಆಕೆ ಎದ್ದವಳು ಮತ್ತೆ ಬರಲಿಲ್ಲ. ಸಾತವ್ವ ಬೆಳಗಾವಿಯವರೆಗೂ ಆರಾಮಾಗಿ ಕಾಲು ಚಾಚಿ ಕೂತಳು.

ಕೆಲವು ವಾರಗಳ ಮೇಲೆ ಶೀತಲ ಬಂದರು. "ಹಳ್ಳದ ಬಸವನಹುಳದಾಗ ಏನೂ ಸಿಕ್ಕಿಲ್ಲ. ಜೌಗಿನದರಾಗ ಮರಿಹುಳ ಸಿಕ್ಕೈತಿ. ಗೌರಿ ಲಿವರಿನ್ಯಾಗಿನ ಹುಳದ್ದೂ ಇದರದ್ದೂ ಗುರ್ತು ಒಂದ."

ಮುತ್ತಪ್ಪನ ಮುಖ ಇಳಿಯಿತು. "ಅಂದ್ರ ನಾನ ಕೈಯಾರೆ ಅಲ್ಲಿಗೆ ಹೊಡಕೊಂಡು ಹೋದ್ನೇನು?"

ಸಾತವ್ವ ಗೌರಿಯ ಖಾಲಿ ಗೂಟದತ್ತ ತಿರುಗಿದಳು. ಆದರೂ ಗಂಡನ ಮುಖ ನೋಡಿ, "ಗೊತ್ತಿರಲಿಲ್ಲ, ಬಿಡ್ರಿ. ಈಗ ಗೊತ್ತಾತಲ್ಲ," ಎಂದಳು.

ಮುತ್ತಪ್ಪ ಅಂದೇ ಜೌಗಿಗೆ ಮುಳ್ಳುಬೇಲಿ ಹಾಕಿದ. ಯುಗಾದಿಯ ಹೊತ್ತಿಗೆ ಕುರಿಗಳ ಬಾವು ಇಳಿದು ಮೈ ತುಂಬಿತ್ತು. ಯಾರಾದರೂ ಆ ಕಡೆ ಕುರಿ ತಿರುಗಿಸಿದರೆ ಸಾಕು, "ಏ, ಅಲ್ಲಿ ಹುಳ ಐತಿ! ಡಿ.ಎನ್.ಎ. ನೋಡಿ ಹೇಳ್ಯಾರ!" ಎಂದು ಊರಿಗೇ ಕೇಳುವಂತೆ ಕೂಗುತ್ತಿದ್ದ. ಸಾತವ್ವನಿಗೆ ನಗು ತಡೆಯಲಾಗುತ್ತಿರಲಿಲ್ಲ.

ಕುರಿ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕುರಿಯ ಗದ್ದ ಬಾತಿದೆಯೇ? ಕಣ್ಣಿನ ಒಳರೆಪ್ಪೆ ಬಿಳಿಚಿದೆಯೇ? ಅಂದಾಜು ಮಾಡುತ್ತ ಕೂರಬೇಡಿ, ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಜೌಗಿನ ಹುಲ್ಲಿಗೆ ಬಿಡಬೇಡಿ. ಕುರಿ ಸತ್ತರೂ ಹೂಳುವ ಮೊದಲು ವೈದ್ಯರಿಗೆ ತೋರಿಸಿ. ಉಳಿದ ಕುರಿಗಳು ಬದುಕಿಕೊಂಡಾವು.