ಹತ್ತು ಮೊಳದ ಹಲಗೆ

"ನನ್ನ ಗಂಟಲು ಕಟ್ಟಿದೆ. ಇವತ್ತು ನೀನೇ ಓದಪ್ಪ," ಎಂದು ಅತ್ತಿಗೆ ಸತ್ಯವೇದವನ್ನು ಅವನ ತೊಡೆಯ ಮೇಲಿಟ್ಟಳು.

ಮಗಳು ಹೋಮ್‌ವರ್ಕ್ ಮಾಡಿಲ್ಲವೆಂದು ಸ್ವಲ್ಪ ಹೊತ್ತಿನ ಮುಂಚೆ ಬೀದಿಗೆಲ್ಲ ಕೇಳುವ ಹಾಗೆ ಗದರಿದ ಗಂಟಲು ಅದು. ನೀರು ಕುಡಿಯಲೆಂದು ಒಳಗೆ ಬಂದು ಕೂತಿದ್ದ ಮೈದುನನಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅಮ್ಮ ಚಾಪೆ ಹಾಸಿಕೊಂಡು ಸರಿಯಾಗಿ ಬಾಗಿಲಿಗೇ ಅಡ್ಡ ಕೂತಿದ್ದಳು. ಎದುರಿಗೆ, ಗೋಡೆಗೊರಗಿ, ಬಲಗೈಯನ್ನು ಟವೆಲ್ಲಿನ ಕೆಳಗಿಟ್ಟುಕೊಂಡು ಅಣ್ಣ.

ಮನೆಯ ಮುಂಭಾಗವೇ ಮರಗೆಲಸದ ಶೆಡ್ಡು. ಅಪ್ಪ ಹಾಕಿದ್ದು, ಅವನು ಹೋದ ಮೇಲೆ ಅಣ್ಣ ತಮ್ಮ ಇಬ್ಬರೂ ನಡೆಸಿಕೊಂಡು ಬಂದಿದ್ದು. ಸಂಜೆ ಹೊಟ್ಟು ಗುಡಿಸಿ, ಕೈಕಾಲು ತೊಳೆದು ಎಲ್ಲರೂ ಒಳಕೋಣೆಯಲ್ಲಿ ಕೂತು ಬೈಬಲ್ಲಿನಿಂದ ದಿನಕ್ಕೊಂದು ಅಧ್ಯಾಯ ಓದುವುದು ಅಪ್ಪನ ಕಾಲದಿಂದ ಬಂದ ರೂಢಿ. ಮೊದಲ ಪುಟದಿಂದ ಶುರು ಮಾಡಿದರೆ ಯಾವುದನ್ನೂ ಹಾರಿಸುವ ಹಾಗಿಲ್ಲ. ಅಪ್ಪನ ನಂತರ ಓದುತ್ತಿದ್ದವನು ಅಣ್ಣ.

ಎರಡು ತಿಂಗಳ ಹಿಂದೆ, ಮರ ಕೊಯ್ಯುವ ಮಷೀನಿನ ಬ್ಲೇಡಿಗೆ ಸಿಕ್ಕಿಕೊಂಡ ಚಕ್ಕೆಯನ್ನು ಅವನು ಬಗ್ಗಿ ಕೀಳುತ್ತಿದ್ದಾಗ, ಆಚೆ ಗೋಡೆಯ ಹತ್ತಿರವಿದ್ದ ತಮ್ಮ ತಿರುಗಿಯೂ ನೋಡದೆ ಸ್ವಿಚ್ಚು ಒತ್ತಿದ್ದ. ಎರಡು ಬೆರಳು ಹೋದವು. ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಅಣ್ಣ "ನಾನೇ ಕೈ ಹಾಕಿದ್ದು" ಎಂದಷ್ಟೇ ಹೇಳಿದ. ಬೈದಿದ್ದರೆ ತಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಮನೆಗೆ ಬಂದ ಮೇಲೆ ಅಣ್ಣ ಶೆಡ್ಡಿಗೆ ಕಾಲಿಡಲಿಲ್ಲ, ಸತ್ಯವೇದವನ್ನೂ ಹೆಂಡತಿಯ ಕೈಗೆ ಕೊಟ್ಟುಬಿಟ್ಟ. ತಮ್ಮ ಪ್ರಾರ್ಥನೆಯ ಹೊತ್ತಿಗೆ ಗುಡಿಸಿದ ನೆಲವನ್ನೇ ಮತ್ತೆ ಗುಡಿಸುತ್ತ ಹೊರಗೇ ಉಳಿದ. ಬೇರೆ ಊರಿನ ಪೀಠೋಪಕರಣದ ಫ್ಯಾಕ್ಟರಿಯಲ್ಲಿ ಕೆಲಸ ಗೊತ್ತು ಮಾಡಿಕೊಂಡ. ಬರುವ ವಾರ ಹೊರಡುವುದೆಂದು ಅಮ್ಮನಿಗೆ ಮಾತ್ರ ಹೇಳಿದ್ದ.

ಪುಸ್ತಕ ಬಿಚ್ಚಿದರೆ ಬಂದ ಅಧ್ಯಾಯ, ಮರುಭೂಮಿಯಲ್ಲಿ ದೇವರಿಗಾಗಿ ಕಟ್ಟಿದ ಗುಡಾರದ್ದು.

"ಅಯ್ಯೋ, ಇವತ್ತು ಬರೀ ಅಳತೆನಾ?" ಎಂದಳು ಅಮ್ಮ.

"ಮಾವ ಇದ್ದಿದ್ರೆ ಹಾರಿಸೋಕೆ ಬಿಡ್ತಿರಲಿಲ್ಲ," ಎಂದಳು ಅತ್ತಿಗೆ, ಕಟ್ಟಿದ ಗಂಟಲಿನ ನೆನಪಾಗಿ ಕೊನೆಗೊಂದು ಕೆಮ್ಮು ಸೇರಿಸಿ.

ಅವನು ತಲೆಯೆತ್ತದೆ, ಏರಿಳಿತವಿಲ್ಲದೆ ಓದುತ್ತ ಹೋದ. ಪರದೆಗಳು, ಕೊಂಡಿಗಳು, ಹೊದಿಕೆಗಳು. ಆಮೇಲೆ ಹಲಗೆಗಳು ಬಂದವು. ಜಾಲಿ ಮರದ್ದು, ಹತ್ತು ಮೊಳ ಉದ್ದ, ಒಂದೂವರೆ ಮೊಳ ಅಗಲ. ಅವನು ಓದು ನಿಲ್ಲಿಸಿದ. ಅದೇ ಸಾಲನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿದ.

"ಜಾಲಿ ಮರದಲ್ಲಿ ಇಷ್ಟು ಅಗಲದ ಹಲಗೆ ಎಲ್ಲಿ ಸಿಗುತ್ತೆ?" ಬಾಯಿಂದ ಜಾರಿಹೋಯಿತು.

ಗೋಡೆಯ ಕಡೆಯಿಂದ ಅಣ್ಣನ ದನಿ ಬಂತು. "ಸಿಗಲ್ಲ. ಎರಡು ಜೋಡಿಸಿರ್ತಾರೆ."

"ಜೋಡಿಸಿದ್ರೆ ಆ ಬಿಸಿಲಿಗೆ ಬಾಯಿ ಬಿಡಲ್ವಾ?"

"ಒಣಗಿಸಿದ ಮರ ಯಾಕೋ ಬಾಯಿ ಬಿಡುತ್ತೆ? ನೀನು ಹಸಿ ಮರ ತಂದು ಡಾಕ್ಟರ ಮನೆಗೆ ಕಪಾಟು ಮಾಡಿದ್ಯಲ್ಲ, ಹಾಗೆ ಅಂದ್ಕೊಂಡ್ಯಾ?"

ಅತ್ತಿಗೆ ಗಟ್ಟಿಯಾಗಿ ನಕ್ಕಳು. "ದೇವರ ಗುಡಾರದಲ್ಲೂ ನಿಮ್ಮ ತಕರಾರಾ!" ಎಂದಳು ಅಮ್ಮ. ಆದರೆ ನಿಲ್ಲಿಸಿ ಎನ್ನಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು.

"ಹತ್ತು ಮೊಳ ಅಂದ್ರೆ ಎಷ್ಟಪ್ಪಾ?" ಎಂದಳು ಮಗಳು.

"ಬಾ, ತೋರಿಸ್ತೀನಿ." ಅಣ್ಣ ಎದ್ದು ಬಂದು ನೆಲಕ್ಕೆ ಮಂಡಿಯೂರಿದ. ಗೋಡೆಗೆ ತಾಗಿಸಿ ಬಲಮೊಣಕೈ ಊರಿ ಅಂಗೈ ಚಾಚಿದ. "ಮೊಣಕೈಯಿಂದ ನಡುಬೆರಳ ತುದಿವರೆಗೆ ಒಂದು..."

ನಡುಬೆರಳು ಅರ್ಧಕ್ಕೇ ಮುಗಿದಿತ್ತು. ಪಕ್ಕದ ತೋರುಬೆರಳೂ ಅಷ್ಟೇ. ಎರಡರ ಮೇಲೂ ಎಳೆಗೆಂಪು ಚರ್ಮ ಬಿಗಿಯಾಗಿ ಕೂತಿತ್ತು. ಅಲ್ಲಿಯವರೆಗೆ ಆ ಕೈಯನ್ನು ನೋಡದೆ ದಿನ ನೂಕಿದ್ದ ತಮ್ಮನಿಗೆ ಈಗ ಕಣ್ಣು ಬೇರೆ ಕಡೆ ತಿರುಗಿಸಲು ಆಗಲಿಲ್ಲ.

"ನನ್ನ ಮೊಳ ಗಿಡ್ಡ ಆಗಿಬಿಟ್ಟಿದೆ ಕಣೋ," ಎಂದ ಅಣ್ಣ. "ನಾನು ಅಳೆದ್ರೆ ದೇವರು ತಲೆ ಬಗ್ಗಿಸಿ ಒಳಗೆ ಬರಬೇಕಾಗುತ್ತೆ. ನೀನು ಅಳೆ."

"ಅಣ್ಣಾ, ಅವತ್ತು ನಾನು ನೋಡದೇನೇ..."

"ಗೊತ್ತು. ನಾನೂ ನಿನಗೆ ಹೇಳದೇನೇ ಕೈ ಹಾಕಿದ್ದು." ಅಣ್ಣ ಎಡಗೈಯಿಂದ ತಮ್ಮನ ತೋಳು ಹಿಡಿದು ಕೆಳಗೆ ಎಳೆದ. "ಬೆರಳು ಹೋಯ್ತು, ಹೋಗ್ಲಿ. ನೀನು ಮನೇಲಿದ್ದೂ ಇಲ್ಲದ ಹಾಗೆ ಇದ್ಯಲ್ಲ, ಅದನ್ನ ನನ್ನ ಕೈಲಿ ತಡೆಯಕ್ಕಾಗ್ತಿಲ್ಲ. ಊರು ಮೊಣಕೈ."

ತಮ್ಮ ಊರಿದ. ಒಂದು. ಅವನ ಬೆರಳ ತುದಿ ಮುಟ್ಟಿದಲ್ಲಿ ಮಗು ತನ್ನ ಬೆರಳಿಟ್ಟಿತು. ಎರಡು. ಕಣ್ಣು ಮಂಜಾಗಿ ನೆಲ ಸರಿಯಾಗಿ ಕಾಣುತ್ತಿರಲಿಲ್ಲ. "ಚಿಕ್ಕಪ್ಪಾ, ಮೂರನ್ನ ಎರಡು ಸಲ ಹೇಳಿದ್ರಿ!" ಎಂದು ಮಗು ಕೂಗಿತು. ಅಮ್ಮ ಚಾಪೆ ಎಳೆದುಕೊಂಡು ಬಾಗಿಲಿನಿಂದ ಸರಿದಳು. ಅಳತೆ ಹೊಸಿಲು ದಾಟಿ ಶೆಡ್ಡಿನೊಳಗೆ ಹೋಯಿತು. ಅದರ ಹಿಂದೆಯೇ, ಸಾಲು ಸೊಟ್ಟಗಾಗುತ್ತಿದೆ ಎಂದು ತಿದ್ದುತ್ತ, ಅಣ್ಣನೂ ಹೊಸಿಲು ದಾಟಿದ.

ಹತ್ತನೆಯ ಮೊಳ ಮಷೀನಿನ ಕಾಲ ಬಳಿ ಮುಗಿಯಿತು. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತರು. ಪಕ್ಕದಲ್ಲಿ ಅರ್ಧ ಕೆಲಸವಾದ ಬಾಗಿಲಿನ ಚೌಕಟ್ಟು ಒರಗಿತ್ತು. ಅಣ್ಣ ಅದರ ಮೇಲೆ ಕೈಯಾಡಿಸಿದ.

"ಇದಿನ್ನೂ ಮುಗಿದಿಲ್ವಾ?"

"ಒಬ್ಬನ ಕೈಲಿ ಆಗ್ಲಿಲ್ಲ."

"ನಾಳೆ ಇಬ್ಬರೂ ಹಿಡಿಯೋಣ. ಸ್ವಿಚ್ಚು ನೀನೇ ಹಾಕು. ಆದ್ರೆ ಕೇಳಿ ಹಾಕು, ಮಹರಾಯ."

ತಮ್ಮ ನಗಲು ಹೋಗಿ ಬಿಕ್ಕಿದ. ಮೂಗು ಒರೆಸಿಕೊಂಡು, "ಆ ಫ್ಯಾಕ್ಟರಿಯವರಿಗೆ ಬರಲ್ಲ ಅಂತ ಫೋನ್ ಮಾಡ್ತೀನಿ," ಎಂದ.

"ಯಾವ ಫ್ಯಾಕ್ಟರಿ?" ಎಂದ ಅಣ್ಣ. ಅಮ್ಮ ಅವನಿಗೆ ಎಂದೋ ಹೇಳಿಯಾಗಿದೆ ಎಂಬುದು ಅವನ ಮುಖದಲ್ಲೇ ಗೊತ್ತಾಗುತ್ತಿತ್ತು.

"ಅಧ್ಯಾಯ ಅರ್ಧಕ್ಕೇ ನಿಂತಿದೆ!" ಒಳಗಿನಿಂದ ಅಮ್ಮ ಕರೆದಳು.

ಇಬ್ಬರೂ ಹೋಗಿ ಕೂತರು. ಉಳಿದ ಭಾಗವನ್ನು ಅಣ್ಣ ಓದಿದ, ತಮ್ಮ ಹಾಳೆ ತಿರುಗಿಸಿದ. ಕೊನೆಯ ಪ್ರಾರ್ಥನೆ ಅಮ್ಮನದು. ಎಂದಿನಂತೆ ಅವಳಿಗೆ ಕೇಳಿಕೊಳ್ಳಲು ಬೇಕಾದಷ್ಟಿತ್ತು: ತನ್ನ ಮಂಡಿನೋವು, ಮಗನ ಕೈ, ಮೊಮ್ಮಗಳ ಬುದ್ಧಿ. ಕಣ್ಣು ಮುಚ್ಚಿ "ಸ್ತೋತ್ರ ತಂದೆಯೇ" ಎಂದಳು. ಕೇಳಿಕೊಳ್ಳುವುದನ್ನೆಲ್ಲ ಬಿಟ್ಟು ಇನ್ನೊಮ್ಮೆ "ಸ್ತೋತ್ರ" ಎಂದಳು. ಅಷ್ಟಕ್ಕೇ ಎಲ್ಲರೂ ಆಮೆನ್ ಎಂದರು.

ಮಗು ಮಾತ್ರ ಒಳಗೆ ಬಂದಿರಲಿಲ್ಲ. ಶೆಡ್ಡಿನ ನೆಲದಲ್ಲಿ ಬೋರಲು ಮಲಗಿ, ತನ್ನ ಪುಟ್ಟ ಮೊಣಕೈ ಊರಿ ಅದೇ ಹಲಗೆಯನ್ನು ಈ ತುದಿಯಿಂದ ಮತ್ತೆ ಅಳೆಯುತ್ತಿತ್ತು. ಅದರ ಲೆಕ್ಕ ಹತ್ತು ದಾಟಿಯೂ ಮುಂದಕ್ಕೆ ಹೋಗುತ್ತಲೇ ಇತ್ತು.