ಗಣಪನ ಹೊಟ್ಟೆಯ ಮೇಲಿನ ಅರಿಶಿನ

ಬಸ್ಸೇ, ಮದ್ದೂರಿನ ಬಸ್ಸೇ ಅದು, ತಿರುವಿನಲ್ಲಿ ಹೀಗೆ ಕೆಮ್ಮಿಕೊಂಡು ಹಾರನ್ ಹೊಡೆಯುವುದು ಅದೊಂದೇ, ಚಿಕ್ಕರಸಿನಕೆರೆಗೆಲ್ಲ ಕೇಳಿಸುತ್ತದೆ — ನಯನಳ ಕೈ ಒಗೆಯುವ ಕಲ್ಲಿನ ಮೇಲೆ ಹಾಗೇ ನಿಂತಿತು, ಶನಿವಾರವಲ್ಲವೇ, ಸ್ಕೂಲು ಬಿಟ್ಟು ಬಂದ ಚಂದನಳಿಗೆ ಎರಡು ತುತ್ತು ತಿನ್ನಿಸಿ ಕೈ ಹಿಡಿದು ಓಡಿ ಇದೇ ಬಸ್ಸು ಹತ್ತುತ್ತಿದ್ದಳು, ಇವತ್ತು ಗಂಡ ಪುಟ್ಟರಾಜುವಿನ ಅಂಗಿಯ ಕಾಲರು ಉಜ್ಜುತ್ತಿದ್ದಾಳೆ, ಯಾಕೆಂದರೆ ಮಗಳು ಓದಿಬಿಟ್ಟಳಲ್ಲ, ನೆಂಟರೆಲ್ಲರ ಮುಂದೆ ಲಗ್ನಪತ್ರಿಕೆ ಓದಿಬಿಟ್ಟಳಲ್ಲ, ಇನ್ಯಾಕಮ್ಮಿ ಮದ್ದೂರು, ಬುಡು ಅಂದ ಪುಟ್ಟರಾಜು, ನಗುನಗುತ್ತಲೇ ಅಂದ, ಸಿಟ್ಟಿನಿಂದ ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಮದ್ದೂರಿನಲ್ಲಿ ಓದು ಕಲಿಸುವ ಚಿತ್ರಾ ಮೇಡಂ ಈಗ ತಟ್ಟೆಗೆ ಮರಳು ಸುರಿದುಕೊಂಡು ಕಾಯುತ್ತಿರುತ್ತಾರೆ, ನಿಮ್ಮ ಮಗಳು ದಡ್ಡಿಯಲ್ಲ ನಯನ, ಅಕ್ಷರವೂ ಅದರ ಸದ್ದೂ ಅವಳ ತಲೆಯಲ್ಲಿ ಬೇಗ ಕೂಡಿಕೊಳ್ಳೋದಿಲ್ಲ ಅಷ್ಟೆ, ಡಿಸ್ಲೆಕ್ಸಿಯಾ ಅಂತಾರೆ, ಬೆರಳಲ್ಲಿ ಬರೀಲಿ, ಬಾಯಲ್ಲಿ ಸದ್ದು ಹೇಳ್ಲಿ, ಒಂದೊಂದೇ, ದಿನಾ ಸ್ವಲ್ಪ ಸ್ವಲ್ಪ, ಹೀಗೆ ಕಲಿಸಿದ್ರೆ ಬರುತ್ತೆ ಅಂತ ಎಷ್ಟೋ ಮಕ್ಕಳಲ್ಲಿ ಕಂಡಿದೆ, ನಡುವೆ ಮಾತ್ರ ಬಿಡಬೇಡಿ — ಮಳ್ಳಾಟಕ್ಕೆ ಮದ್ದೂರ್ಗಂಟ ಓಗ್ಬೇಕಾ, ನಮ್ಮಟ್ಟಿ ಮುಂದೆ ಮಳ್ಳಿಲ್ವಾ ಎಂದು ಅತ್ತೆ ಚಿಕ್ಕಬೋರಮ್ಮ ಮೂತಿ ತಿರುವಿದ್ದರು, ಮೂರನೇ ಕ್ಲಾಸಿನ ಹುಡುಗಿ ಮರಳಲ್ಲಿ ತಿದ್ದುವುದೆಂದರೆ ಅವರಿಗೆ ಅವಮಾನ. ಆದರೆ ಕಳೆದ ವಾರ ಬಸ್ ಸ್ಟ್ಯಾಂಡಿನಲ್ಲಿ ಚಂದನ ಒಂದು ಬೋರ್ಡಿನ ಮುಂದೆ ನಿಂತು, ಬ, ಸ, ವ, ಬಸವ, ಎಂದು ತಾನೇ ಕೂಡಿಸಿ ಓದಿದಳು, ಮೂಗಿನ ತುದಿಯಲ್ಲಿ ಬೆವರು, ಅದು ನಿಜವಾದ ಓದು, ಅದನ್ನು ಕೇಳಲು ಅಲ್ಲಿ ಯಾವ ನೆಂಟನೂ ಇರಲಿಲ್ಲ.

ಈ ಹಾಳು ಲಗ್ನಪತ್ರಿಕೆ, ಮೈದುನ ಸಂತೋಷನದು, ಪೂಜೆಗಿಡುವ ಹಿಂದಿನ ಸಂಜೆ ಅತ್ತೆ ಇನ್ನೊಂದ್ಸತಿ ಓದವ್ವ, ಇನ್ನೊಂದ್ಸತಿ ಅಂದಾಗಲೆಲ್ಲ ಓದಿದ್ದು ನಯನಳೇ, ಪಕ್ಕದಲ್ಲಿ ಚಂದನ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು, ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಯಾರಿಗೆ ಹೊಳೆಯಬೇಕು. ಮರುದಿನ ಬೆಳಗ್ಗೆ ನೆಂಟರೆಲ್ಲ ಸೇರಿದಾಗ ಮೊದಲ ಕಾರ್ಡಿನ ನಾಲ್ಕು ಮೂಲೆಗೂ ಮಗುವೇ ಅರಿಶಿನ ಹಚ್ಚಲಿ ಅಂದರು, ಹಚ್ಚಿದಳು, ದೇವ್ರ ಮುಂದೆ ಮಗೀನೇ ಓದ್ಬುಡ್ಲಿ ಅಂದರು ಯಾರೋ, ನಯನ ಕಾರ್ಡಿಗೆ ಕೈ ಚಾಚುವಷ್ಟರಲ್ಲಿ ಚಂದನ ಓದಿದಳು, ವರನ ಹೆಸರು, ವಧು ದೀಪಿಕಳ ಹೆಸರು, ಮುಹೂರ್ತ, ಕೊನೆಗೆ ಸುಖಾಗಮನಾಭಿಲಾಷಿಗಳು, ಅದೂ ಒಂದೇ ಉಸಿರಿಗೆ, ಓದಿಕೊಂಡ ನಯನಳ ನಾಲಿಗೆಯೇ ಅಲ್ಲಿ ತೊಡರುತ್ತದೆ. ಇವಳ ಜ್ಞಾಪಕ ಬಲು ಚುರುಕು, ಅದೇ ನಿಮಗೆ ಮೋಸ ಮಾಡೋದು, ಬಾಯಿ ನೋಡಬೇಡಿ ಬೆರಳು ನೋಡಿ ಅಂದಿದ್ದರು ಚಿತ್ರಾ ಮೇಡಂ, ನೋಡಿದಳು, ಬಾಯಿ ಪತ್ರಿಕೆಯ ಕೊನೆಗೆ ಹೋಗಿದೆ, ಅರಿಶಿನದ ಬೆರಳು ಮೇಲೆ ಅಚ್ಚಾಗಿದ್ದ ಗಣಪನ ಹೊಟ್ಟೆಯಿಂದ ಕದಲೇ ಇಲ್ಲ. ಆಗಲೇ ಹೇಳಿಬಿಡಬೇಕಿತ್ತು, ಹೇಗೆ ಹೇಳುವುದು, ಸ್ಕೂಲಿಗೆ ಸೇರಿದಂದಿನಿಂದ ಆ ಮುಖ ಹಾಗೆ ಅರಳಿದ್ದನ್ನು ಅವಳು ಕಂಡೇ ಇರಲಿಲ್ಲ, ಹೇಳಿದರೆ ಎಲ್ಲರೆದುರು ಮಗು ಕಳ್ಳಿಯಾಗುತ್ತಾಳೆ, ಹೇಳದಿದ್ದರೆ ಮದ್ದೂರು ತಪ್ಪುತ್ತದೆ, ಗಂಡನಿಗೊಬ್ಬನಿಗಾದರೂ ಹೇಳೋಣವೆಂದು ಹಿಂದಿನಿಂದ ಹೋದಳು, ಅವನು ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದ, ನಮ್ ಚಂದ್ನ ಪಟಪಟ ಅಂತ ಓದ್ಬುಟ್ಲು ಕಣವ್ವ, ಅದನ್ನೇ ಇನ್ನೊಂದು ಸಲ ಹೇಳಿದ, ಇವಳು ಬಾಗಿಲಿನಿಂದಲೇ ಹಿಂತಿರುಗಿದಳು.

ಬಸ್ಸು ಹೊರಟಿತು, ಗೇರು ಬದಲಾಯಿಸಿದ ಸದ್ದು, ಶಾಲೆಯ ಕಡೆಯಿಂದ ಇನ್ನೊಂದು ಹಾರನ್, ಅಷ್ಟೆ. ಅಮ್ಮ, ಬಸ್ಸು ಓಯ್ತು. ಹೂಂ ಕಣವ್ವ, ಹೋಯ್ತು. ಚಂದನ ಪಾಠದ ಪುಸ್ತಕ ಹಿಡಿದು ನಿಂತಿದ್ದಾಳೆ, ಆಚೀಚೆ ನೋಡಿ, ಅಜ್ಜಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸಣ್ಣ ದನಿಯಲ್ಲಿ, ಸೋಮ್ವಾರ ಮಿಸ್ಸು ಇದ್ನ ಓದುಸ್ತಾರೆ, ಒಂದ್ಸತಿ ಓದೇಳಮ್ಮ, ಒಂದ್ಸತಿ ಸಾಕು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಬೇಡ ಅನ್ನಬೇಕು, ಮರಳು ತಾ ಅನ್ನಬೇಕು, ತೆರೆದ ಬಾಗಿಲಿನಾಚೆ ದೇವರ ಗೂಡಿನಲ್ಲಿ ಆ ಕಾರ್ಡು, ಸಾಲುಗಳೆಲ್ಲ ಚೊಕ್ಕಟ, ಅರಿಶಿನದ ಒಂದು ಚುಕ್ಕೆಯೂ ಇಲ್ಲ, ಒಂದೂರಿನಲ್ಲಿ, ಎಂದು ಅವಳ ಬಾಯಿ ಓದತೊಡಗಿತು, ಒಂದೂರಿನಲ್ಲಿ ಎಂದಳು ಮಗಳು, ಅಮ್ಮನ ತುಟಿಯನ್ನೇ ನೋಡುತ್ತಾ, ಒಬ್ಬ ರಾಜ, ಒಬ್ಬ ರಾಜ, ಗಣಪನ ಹೊಟ್ಟೆಯ ಮೇಲೆ ಪುಟ್ಟ ಬೆರಳಿನ ಗುರುತು, ಹಳದಿ, ಅಲ್ಲೇ, ಪುಸ್ತಕದ ಮೇಲೂ ಆ ಬೆರಳು ಕದಲದೆ, ಅಲ್ಲೇ…