ಧಣಿಯ ಬೂಟಿನ ಹಲಗೆ

"ಲೇ ಮುಂಡೆ, ಮುಟ್ಟಬೇಡ ಅದನ್ನ! ನಿಮ್ಮಪ್ಪಂದಾ ಹಲಗೆ?"

ಕೂಗಿದವನು ಸೂಪರ್‌ವೈಸರ್. ಕೊರಳಲ್ಲಿ ಸದಾ ಸೀಟಿ ನೇತಾಡುವುದರಿಂದ ಅವನ ಹೆಸರೇ ಸೀಟಿ ಎಂದಾಗಿದೆ. ನನ್ನ ಗಂಡ ಬದುಕಿದ್ದಾಗಲೂ ಅವನು ನನ್ನನ್ನು ಹೀಗೇ ಕರೆಯುತ್ತಿದ್ದ. ಆಗ ಅದು ಬೈಗುಳ. ಈಗ ಬರೀ ಸಮಾಚಾರ. ಎತ್ತಿದ್ದ ಹಲಗೆಯ ತುದಿಯನ್ನು ಕೆಸರಿಗೆ ಬಿಟ್ಟೆ.

ಹಲಗೆ ನಮ್ಮಪ್ಪನದಲ್ಲ, ಸೀಟಿಯ ಅಪ್ಪನದೂ ಅಲ್ಲ. ಅದು ಬೂಮ್ ಪಂಪಿನದು. ಆ ಲಾರಿ ಮಡಿಸಿದ ಕಬ್ಬಿಣದ ತೋಳೊಂದನ್ನು ಬೆನ್ನ ಮೇಲೆ ಹೊತ್ತು ಬರುತ್ತದೆ. ತೋಳು ಬಿಚ್ಚಿ ಮಹಡಿಗೆ ಕಾಂಕ್ರೀಟು ಸುರಿಯುವ ಮೊದಲು ನಾಲ್ಕೂ ಕಡೆ ಕಾಲು ಚಾಚಿ ನೆಲಕ್ಕೆ ಊರಬೇಕು. ಆ ಕಾಲುಗಳ ಅಡಿಗೆ ಇಡಲೆಂದೇ ತಂದ ದಪ್ಪ ಹಲಗೆಗಳು ಗೇಟಿನಿಂದ ಕಟ್ಟಡದ ಬಾಗಿಲವರೆಗೆ ಸಾಲಾಗಿ ಮಲಗಿದ್ದವು. ಮಳೆ ಬಂದು ಕೆಸರಾಗಿತ್ತು. ಧಣಿ ಬರುವವರಿದ್ದರು. ಧಣಿಯ ಬೂಟು ಬಿಳಿ.

ಲಾರಿಯ ಎಡಕ್ಕೆ ಗಟ್ಟಿ ನೆಲ. ಬಲಕ್ಕೆ ತಗ್ಗು, ಪಾಯಕ್ಕೆಂದು ತೋಡಿ, ಆಮೇಲೆ ಸಡಿಲ ಮಣ್ಣು ತುಂಬಿ ಮುಚ್ಚಿದ ಜಾಗ. ಹೋದ ಸಲ ಇಂಥದೇ ಜಾಗದಲ್ಲಿ ಒಂದು ಕಾಲು ಹೂತು, ಲಾರಿ ವಾಲಿ, ತೋಳು ಕೆಳಗೆ ಬಂತು. ತೋಳಿನ ತುದಿಯ ಪೈಪು ಹಿಡಿದು ನಿಂತಿದ್ದವನು ನನ್ನ ಗಂಡ. ಹೂತದ್ದು ಯಂತ್ರದ ಕಾಲಾದರೂ, ತಪ್ಪು ಜಾಗದಲ್ಲಿ ಕಾಲಿಟ್ಟವನು ಸತ್ತವನೇ ಎಂದು ತೀರ್ಮಾನವಾಯಿತು. ಅವನು ಆಕ್ಷೇಪಿಸಲಿಲ್ಲ. ಪರಿಹಾರವಾಗಿ ನನಗೆ ಜಲ್ಲಿ ಹೊರುವ ಕೆಲಸ ಕೊಟ್ಟರು. ಮೊದಲೂ ನಾನು ಜಲ್ಲಿಯನ್ನೇ ಹೊರುತ್ತಿದ್ದೆ.

ಈಗ ಪೈಪು ಹಿಡಿಯುವವನು ನನ್ನ ಮೈದುನ. ತಲೆಯ ಮೇಲೆ ಅಣ್ಣನ ಹೆಲ್ಮೆಟ್ಟು. ಒಳ್ಳೆಯ ಹೆಲ್ಮೆಟ್ಟು, ಅದಕ್ಕೆ ಏನೂ ಆಗಿರಲಿಲ್ಲ.

"ಅತ್ತಿಗೆ, ಸುಮ್ನಿರು. ಇರೋ ಕೆಲಸಾನೂ ಹೋಗುತ್ತೆ," ಎಂದ ಮೆಲ್ಲಗೆ.

"ಹೋದ್ರೆ ಇನ್ನೊಂದು ಕೆಲಸ ಸಿಗುತ್ತೆ. ನಂಗಿರೋದು ಒಬ್ಬನೇ ಮೈದುನ."

ಪಂಪಿನ ಆಪರೇಟರು ಬಲಗಡೆಯ ಮಣ್ಣಿಗೆ ಕಬ್ಬಿಣದ ಸರಳು ಚುಚ್ಚಿದ. ಬೆಣ್ಣೆಗೆ ಇಳಿದ ಹಾಗೆ ಇಳಿಯಿತು.

"ಸಾರ್, ಈ ಕಡೆ ಎರಡು ಕಾಲಿಗೂ ಹಲಗೆ ಬೇಕು. ಅಡ್ಡಡ್ಡ ಜೋಡಿಸಿ ಇಡಬೇಕು. ಇಲ್ದಿದ್ರೆ ತೋಳು ಬಿಚ್ಚಲ್ಲ."

"ಬಿಚ್ಚಲ್ವಾ? ನಿನ್ನ ಚಡ್ಡಿ ಬಿಚ್ಚಿಸ್ತೀನಿ ಬೋಳಿಮಗನೆ! ಮಿಕ್ಸರ್ ಬಂದು ನಿಂತಿದೆ. ಕಾಂಕ್ರೀಟು ಗಟ್ಟಿಯಾದ್ರೆ ನೀನು ನೆಕ್ತೀಯಾ? ಪ್ಲೈವುಡ್ ಚೂರು ಹಾಕು, ಸಾಕು."

ಹಾಕಿದರು. ಕಾಲು ಇಳಿಯಿತು. ಪ್ಲೈವುಡ್ಡು ಲಟಕ್ಕನೆ ಎರಡಾಗಿ ಮಣ್ಣೊಳಗೆ ಹೋಯಿತು.

"ಮುರೀತು ಸಾರ್."

"ಮುರಿದಿಲ್ಲ ಕಣೋ, ಸೆಟ್ ಆಗ್ತಿದೆ. ನಿನ್ನ ಕೈಲಾಗ್ದಿದ್ರೆ ಹೇಳು, ಗೇಟಿನ ಹೊರಗೆ ಜನ ಸಾಲು ನಿಂತಿದಾರೆ."

ಆಪರೇಟರಿಗೂ ಮನೆಯಲ್ಲಿ ಉಣ್ಣುವ ಬಾಯಿಗಳಿವೆ. ತೋಳು ಆಡಿಸುವ ರಿಮೋಟಿನ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ. ಮೈದುನ ಪೈಪಿನ ಕಡೆ ನಡೆದ.

ಅಷ್ಟರಲ್ಲಿ ಧಣಿ ಬಂದರು. ಹಲಗೆ ಒಬ್ಬರ ಅಗಲದ್ದು. ಆದ್ದರಿಂದ ಧಣಿ ಹಲಗೆಯ ಮೇಲೆ, ಸೀಟಿ ಪಕ್ಕದ ಕೆಸರಿನಲ್ಲಿ ಮೊಣಕಾಲವರೆಗೆ ಭಕ್ತಿಯಲ್ಲಿ ಮುಳುಗಿ ನಡೆದರು. ಅರ್ಧ ದಾರಿಯಲ್ಲಿ ಧಣಿ ನಿಂತರು.

"ಯಾಕಿನ್ನೂ ಶುರುವಾಗಿಲ್ಲ?"

"ನೆಲ ಮೆತ್ತಗಿದೆ ಅಂತ ಆಪರೇಟರ್ ರಾಗ ಎಳೀತಿದಾನೆ ಧಣಿ."

ಧಣಿ ನಕ್ಕರು. "ಇಷ್ಟು ದೊಡ್ಡ ಕಟ್ಟಡ ಹೊತ್ತಿರೋ ಭೂಮಿ ಕಣಯ್ಯ. ಒಂದು ಲಾರಿ ಹೊರಲ್ವಾ?"

ಎಲ್ಲರೂ ನಕ್ಕರು. ನಗುವುದೂ ನಮ್ಮ ಕೆಲಸದಲ್ಲಿ ಸೇರಿದೆ.

"ನಿಮ್ಮನ್ನ ಹೊರಲ್ವಾ ಧಣಿ?" ಎಂದೆ.

"ಏನಂದೆ?"

"ಲಾರೀನೇ ಹೊರೋ ಭೂಮಿ. ನಿಮಗ್ಯಾಕೆ ಹಲಗೆ ಅಂದೆ."

ಸೀಟಿ ನಡುವೆ ಬಾಯಿ ಹಾಕಿದ. "ಹೋದ ಸಲ ಸತ್ತನಲ್ಲ ಧಣಿ, ಅವನ ಹೆಂಡ್ತಿ. ತಲೆ ಕೆಟ್ಟಿದೆ."

ಧಣಿಯ ಮುಖ ಕರಗಿತು. ಕರಗಿಸಿಕೊಳ್ಳುವುದು ಅವರಿಗೆ ಚೆನ್ನಾಗಿ ಬರುತ್ತದೆ. "ಓ, ಪಾಪ. ಕೆಲಸ ಕೊಟ್ಟಿದೀವಲ್ಲಮ್ಮ. ಇನ್ನೇನು ಬೇಕು?"

"ಹಲಗೆ."

ಗೇಟಿನ ಬಳಿ ಹೋಗಿ ಮೊದಲ ಹಲಗೆಯ ತುದಿ ಎತ್ತಿದೆ. ಸೀಟಿ ಸೀಟಿ ಊದಿದ. ನಮ್ಮ ಗುಂಪಿನ ಹಿರಿಯಳು, ಗೊಣಗಜ್ಜಿ, ಬುಟ್ಟಿ ಇಳಿಸಿ ಬಂದು ಇನ್ನೊಂದು ತುದಿ ಹಿಡಿದಳು.

"ಊದಲಿ ಬಿಡೇ. ಉಸಿರು ಅವನದು."

ಎರಡನೆಯದಕ್ಕೆ ಇನ್ನಿಬ್ಬರು ಹೆಂಗಸರು ಬಂದರು. ಮೂರನೆಯದನ್ನು ಯಾರು ಎತ್ತಿದರೋ ನೋಡಲಿಲ್ಲ. ಸೀಟಿ ನಮ್ಮತ್ತ ನುಗ್ಗಲು ನೋಡಿದ. ಕೆಸರು ಅವನ ಕಾಲು ಬಿಡಲಿಲ್ಲ. ಆಪರೇಟರು ರಿಮೋಟು ಕಳಚಿಟ್ಟು, ಊರಿದ್ದ ಕಾಲನ್ನು ಮೇಲೆತ್ತಿ, ಬಂದ ಹಲಗೆಗಳನ್ನು ಅಡಿಯಲ್ಲಿ ಅಡ್ಡಡ್ಡ ಜೋಡಿಸತೊಡಗಿದ.

"ಎಲ್ರನ್ನೂ ಕಿತ್ತು ಬಿಸಾಕ್ತೀನಿ, ನಾಯಿಗಳಾ!" ಎಂದು ಧಣಿ ಕಟ್ಟಡದ ಕಡೆ ತಿರುಗಿದರು. ಆ ಕಡೆ ದಾರಿ ಇರಲಿಲ್ಲ. ಬಾಗಿಲಿನಿಂದ ಶುರುಮಾಡಿ ಒಂದೊಂದೇ ಹಲಗೆ ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದವನು ನನ್ನ ಮೈದುನ.

ಒಂದು ಕಾಲು ಗಟ್ಟಿಯಾಗಿ ಕೂತಿತು. ಇನ್ನೊಂದರ ಅಡಿಗೆ ಜೋಡಿಸುತ್ತ ಆಪರೇಟರು ಕೂಗಿದ: "ಇನ್ನೊಂದೇ ಒಂದು ಬೇಕು!"

ಉಳಿದಿದ್ದದ್ದೂ ಒಂದೇ. ಅದರ ಮೇಲೆ ಎರಡು ಬಿಳಿ ಬೂಟು. ಸುತ್ತ ಕೆಸರು.

ನಾನು ಬಗ್ಗಿ ಈ ತುದಿ ಹಿಡಿದೆ. ಮೈದುನ ಆ ತುದಿ ಹಿಡಿದ.

"ಇಳೀರಿ ಧಣಿ," ಎಂದೆ. "ಭೂಮಿ ಹೊರುತ್ತೆ."